ಗ್ರೇಸಿ ಟೀಚರ್ ಮತ್ತು ನೀಲಿ ಆ್ಯಪಿನ ಮಳೆಗಾಲ

ಕಳೆದ ಶನಿವಾರ ಮಂಗಳೂರಿನ ಬೋಳಾರದ ನಮ್ಮ ಶಾಲೆಯ ಹುಡುಗಿಯರನ್ನು ಪಂದ್ಯಕ್ಕೆಂದು ಕರೆದುಕೊಂಡು ಬಲ್ಮಠದ ಒಂದು ಶಾಲೆಗೆ ಹೋಗಿದ್ದೆ. ನಾನು ಮೊದಲು ಮಾಸ್ಟ್ರಿಕೆಗೆ ಸೇರಿದ ಶಾಲೆ ಅದು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಆಟದ ಸಾಮಾನು ಇಡುವ ಕೋಣೆಯ ಬಾಗಿಲು ತೆಗೆದದ್ದೇ ತಡ, ಒದ್ದೆ ನೆಟ್ಟು, ರಬ್ಬರ್ ಚೆಂಡು, ಸುಣ್ಣದ ಪುಡಿ, ವಾರಗಟ್ಟಲೆ ಒಣಗದ ಕ್ಯಾನ್ವಾಸ್ ಶೂ ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ನನ್ನ ಜೊತೆ ಬಂದ ಟೀಚರ್ ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ ಬಾಗಿಲಲ್ಲೇ ನಿಂತು ಉಸಿರೆಳೆದುಕೊಂಡೆ. ಒಂದು ಇಡೀ ಮಳೆಗಾಲ ಆ ವಾಸನೆಯಲ್ಲಿ ಇತ್ತು. ನನ್ನ ಬದುಕಿನಲ್ಲಿ ಅಷ್ಟು ಖುಷಿಯಿಂದ ಕೆಲಸಕ್ಕೆ ಹೋದ ಮಳೆಗಾಲ ಇನ್ನೊಂದಿಲ್ಲ.

ಅದಕ್ಕೆ ಮೊದಲು ನಾನು ಬೈಕಂಪಾಡಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದೆ. ಲಾರಿಗೆ ಲೋಡ್ ಆಯಿತೇ, ಲಾರಿ ಹೊರಟಿತೇ, ಮುಟ್ಟಬೇಕಾದಲ್ಲಿ ಮುಟ್ಟಿತೇ ಎಂದು ಬೆಳಗ್ಗಿನಿಂದ ಸಂಜೆಯವರೆಗೆ ಕಂಪ್ಯೂಟರಿನಲ್ಲಿ ಮೆಸೇಜು ಕಳಿಸುವುದೇ ನನ್ನ ಕೆಲಸ. ಬಿ.ಎಡ್. ಮಾಡಿಕೊಂಡಿದ್ದೆ. ಗಣಿತ ಕಲಿಸಬೇಕು ಎಂಬ ಆಸೆ ಒಳಗೇ ಇತ್ತು. ಬಲ್ಮಠದ ಶಾಲೆಯಲ್ಲಿ ಜಾಗ ಉಂಟು ಎಂದು ಗೊತ್ತಾದ ಕೂಡಲೇ ರಾಜೀನಾಮೆ ಕೊಟ್ಟೆ. ಹೋಟೆಲು ನಡೆಸುವ ನನ್ನ ಮಾವ ತಲೆಗೆ ಕೈ ಇಟ್ಟುಕೊಂಡರು. “ನಮ್ಮದೇ ಹೋಟೆಲಿನ ಗಲ್ಲೆಯಲ್ಲಿ ಕೂತ್ರೆ ಆಗ್ತಿತ್ತು. ಅದು ಬೇಡ ಅಂದೆ. ಕಂಪೆನಿಯಾದ್ರೂ ಇರ್ಲಿ ಅಂದ್ರೆ ಈಗ ಅದೂ ಬೇಡ. ನಿನಗೆ ಎಂತ ಮರ್ಲಾ ಮಾರಾಯಾ?” ಎಂದರು. ಮರುಳು ಅನ್ನುವುದಾದರೆ ಹೌದು, ಮರುಳೇ. ಜೂನ್ ಮೊದಲ ವಾರ, ಹೊಸ ಕೊಡೆ ಹಿಡಿದುಕೊಂಡು ಶಾಲೆಯ ಮೆಟ್ಟಿಲು ಹತ್ತುವಾಗ ನನಗೆ ಓಡಬೇಕು ಅನ್ನಿಸುತ್ತಿತ್ತು.

ಆ ಶಾಲೆಗೆ ಎರಡು ಕಟ್ಟಡ. ಮೇಲೆ ಗುಡ್ಡದಲ್ಲಿ ಹೈಸ್ಕೂಲು, ಕೆಳಗೆ ರಸ್ತೆಯ ಪಕ್ಕ ಪ್ರೈಮರಿ. ನಡುವೆ ಆಟದ ಮೈದಾನ. ಟೀಚರುಗಳು ಒಂದು ಪೀರಿಯಡ್ ಮೇಲೆ, ಇನ್ನೊಂದು ಪೀರಿಯಡ್ ಕೆಳಗೆ. ಮಳೆಗಾಲದಲ್ಲಿ ಒಬ್ಬರಿಗೆ ಒಂದು ಮಾತು ಹೇಳಬೇಕಾದರೆ ಕೊಡೆ ಹಿಡಿದು, ಸೀರೆ ಎತ್ತಿ ಹಿಡಿದು, ಮೈದಾನ ದಾಟಬೇಕು. ಅದಕ್ಕಾಗಿಯೇ ಮೊಬೈಲಿನಲ್ಲಿ ಎಲ್ಲರದ್ದೂ ಸೇರಿ ಒಂದು ಗ್ರೂಪು ಮಾಡಿದ್ದರು. ಅದರಲ್ಲಿ ಬೆಳಗ್ಗೆ ಐದೂವರೆಗೆ ಗುಲಾಬಿ ಹೂ, ಆರಕ್ಕೆ ಸೂರ್ಯೋದಯ, ಆರೂಕಾಲಿಗೆ ದೇವರ ಫೋಟೋ. ಆಮೇಲೆ ಯಾರದೋ ಹುಟ್ಟುಹಬ್ಬ, ಯಾರದೋ ತೀರಿಹೋದ ಅತ್ತೆಯ ಬೊಜ್ಜ, ಇಲಾಖೆಯ ಸುತ್ತೋಲೆ, ಮಾರಲಿಕ್ಕಿರುವ ಸ್ಕೂಟರು. ಹೂವಿನ ಚಿತ್ರ ಹಾಕುವವರು ಕನ್ನಡ ಪಂಡಿತರಾದ ನಾಗೇಶ ಮಾಸ್ಟ್ರು. ದೊಡ್ಡ ಸ್ವರ, ದೊಡ್ಡ ಮನಸ್ಸು. ಒಂದು ದಿನ ಹೂ ಬಾರದಿದ್ದರೆ ಅವರಿಗೆ ಹುಷಾರಿಲ್ಲ ಎಂದು ಅರ್ಥ.

ಜೂನ್ ಕೊನೆಗೆ ಒಂದು ಎಡವಟ್ಟಾಯಿತು. ಒಂಬತ್ತನೆಯ ತರಗತಿಯ ಕಿರುಪರೀಕ್ಷೆ ಒಂದು ದಿನ ಮುಂದೆ ಹೋಗಿದೆ ಎಂದು ನಮ್ಮ ಹೆಡ್‌ಮಿಸ್ಟ್ರೆಸ್ ವಸಂತಿ ಮೇಡಂ ಗ್ರೂಪಿಗೆ ಹಾಕಿದ್ದರು. ಅದೇ ಹೊತ್ತಿಗೆ ಯಾರದೋ ಹುಟ್ಟುಹಬ್ಬ. ಕೇಕುಗಳ ಅಡಿಯಲ್ಲಿ ಮೇಡಂ ಹಾಕಿದ್ದು ಹೂತುಹೋಯಿತು. ಮರುದಿನ ಒಂದೇ ಕ್ಲಾಸಿಗೆ ವಿಜ್ಞಾನದ ಟೀಚರ್ ಒಂದು ಪ್ರಶ್ನೆಪತ್ರಿಕೆ ಹಿಡಿದು ಬಂದರು, ನಾನು ಇನ್ನೊಂದು ಹಿಡಿದು ಹೋದೆ. ಮಕ್ಕಳಿಗೆ ಹಬ್ಬವೋ ಹಬ್ಬ.

ಮೇಡಂ ಸಂಜೆ ಮೀಟಿಂಗು ಕರೆದರು. ಹಂಚಿನ ಕೆಳಗೆ ತಗಡು ಹೊಡೆದ ಸ್ಟಾಫ್ ರೂಮು. ಮಳೆ ಬಂದರೆ ಎದುರಿಗಿದ್ದವರ ಮಾತು ಕೂಡ ಅರ್ಧ ಕೇಳುತ್ತದೆ.

“ಪ್ರಶಾಂತ್, ನೀವು ಕಂಪೆನಿಯಲ್ಲಿ ಇದ್ದವರಲ್ವಾ? ಅಲ್ಲಿ ಎಂತ ಉಪಯೋಗಿಸ್ತಿದ್ರಿ?” ಎಂದು ಮೇಡಂ ನನ್ನನ್ನು ಕೇಳಿದರು.

ನಾನು ಎದ್ದು ನಿಂತು ಒಂದೇ ಉಸಿರಿನಲ್ಲಿ ಹೇಳಿದೆ. ಕೆಲಸದ ಮಾತಿಗೆಂದೇ ಬೇರೆ ಆ್ಯಪುಗಳಿವೆ, ಒಂದೊಂದು ವಿಷಯಕ್ಕೆ ಒಂದೊಂದು ಕೋಣೆ ಮಾಡಬಹುದು, ಪರೀಕ್ಷೆಯ ಮಾತು ಪರೀಕ್ಷೆಯ ಕೋಣೆಯಲ್ಲಿ, ಹೂವಿನ ಮಾತು ಹೂವಿನ ಕೋಣೆಯಲ್ಲಿ. ಯಾರು ಓದಿದರು, ಯಾರು ಓದಲಿಲ್ಲ ಎಂದೂ ತಿಳಿಯುತ್ತದೆ.

“ಹಾಗಾದ್ರೆ ನೋಡಿ, ಒಂದು ಕಮಿಟಿ ಮಾಡುವ. ನೀವು, ನಾಗೇಶ ಮಾಸ್ಟ್ರು, ಗ್ರೇಸಿ ಟೀಚರ್. ಒಂದೆರಡು ಆ್ಯಪು ಎಲ್ಲರೂ ಸೇರಿ ಉಪಯೋಗಿಸಿ ನೋಡುವ. ಮಳೆಗಾಲ ಮುಗಿಯುವುದರೊಳಗೆ ಯಾವುದಾದ್ರೂ ಒಂದು ನಿಶ್ಚಯ ಆಗ್ಬೇಕು.”

ಮೀಟಿಂಗು ಮುಗಿದ ಮೇಲೆ, ಗ್ರೇಸಿ ಟೀಚರ್ ಯಾಕೆ ಎಂದು ನಾನು ಮೆಲ್ಲಗೆ ಕೇಳಿದೆ. ಮೇಡಂ ನಿಟ್ಟುಸಿರು ಬಿಟ್ಟರು. “ಅವರಿಗೆ ಎಂತ ಹೇಳಿದ್ರೂ ತಲೆಗೆ ಹೋಗುವುದಿಲ್ಲ ಮಾರಾಯ್ರೆ. ಕಮಿಟಿಯಲ್ಲಿದ್ರೆ ಆದ್ರೂ ಸ್ವಲ್ಪ ಗಮನ ಕೊಡ್ತಾರಾ ಅಂತ.”

ಗ್ರೇಸಿ ಟೀಚರ್ ನಮ್ಮ ಪಿ.ಟಿ. ಟೀಚರ್. ಐವತ್ತರ ಹತ್ತಿರದ ಪ್ರಾಯ, ಎತ್ತರದ ಆಳು, ಕಿವಿ ಮುಚ್ಚುವ ಹಾಗೆ ಕತ್ತರಿಸಿದ ಕೂದಲು, ಕುತ್ತಿಗೆಯಲ್ಲಿ ಯಾವಾಗಲೂ ಸೀಟಿ. ಹುಡುಗಿಯರ ಥ್ರೋಬಾಲ್ ತಂಡ ಅವರ ಜೀವ. ಆದರೆ ಸ್ಟಾಫ್ ರೂಮಿನಲ್ಲಿ ಅವರಿಗೆ ಒಳ್ಳೆಯ ಹೆಸರಿರಲಿಲ್ಲ. ಜಗಲಿಯಲ್ಲಿ ಹಿಂದಿನಿಂದ ಕರೆದರೆ ತಿರುಗಿ ನೋಡುವುದಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಎದುರು ಸಿಕ್ಕಿ ಏನಾದರೂ ಹೇಳಿದರೆ “ಹೌದು ಹೌದು” ಎಂದು ತಲೆ ಆಡಿಸಿ ಹೊರಟುಬಿಡುತ್ತಾರೆ. ಹಿಂದಿನ ವರ್ಷ ಒಂದು ಪಂದ್ಯದ ದಿನ ಬದಲಾದದ್ದನ್ನು ಫೋನಿನಲ್ಲಿ ಹೇಳಿದ್ದರಂತೆ. ಇವರು ಹಳೆಯ ದಿನಕ್ಕೇ ಹುಡುಗಿಯರನ್ನು ಕರೆದುಕೊಂಡು ಹೋಗಿ ಖಾಲಿ ಮೈದಾನ ನೋಡಿ ವಾಪಸು ಬಂದಿದ್ದರು. ಅವರು ಸರಕಾರದ ಸಂಬಳದವರಲ್ಲ, ಆಡಳಿತ ಮಂಡಳಿ ನೇಮಿಸಿಕೊಂಡವರು. ವರ್ಷ ವರ್ಷ ಮುಂದುವರಿಸಬೇಕು. ಶಾಲೆಯ ಸಂಚಾಲಕರು “ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನು ನೋಡುವ” ಎಂದಿದ್ದರೆಂದು ಎಲ್ಲರಿಗೂ ಗೊತ್ತಿತ್ತು.

ಮೊದಲಿಗೆ ನಾನು ಬೈಕಂಪಾಡಿಯಲ್ಲಿ ಉಪಯೋಗಿಸುತ್ತಿದ್ದ ಆ್ಯಪನ್ನೇ ಎಲ್ಲರ ಮೊಬೈಲಿಗೂ ಹಾಕಿದೆ. ಅದಕ್ಕೆ ಉದ್ದದ ಇಂಗ್ಲಿಷ್ ಹೆಸರಿತ್ತು. ನಾಗೇಶ ಮಾಸ್ಟ್ರು ಅದನ್ನು “ಬೈಕಂಪಾಡಿ” ಎಂದೇ ಕರೆದರು, ಆ ಹೆಸರೇ ನಿಂತಿತು. “ಪ್ರಶಾಂತ, ನನ್ನ ಬೈಕಂಪಾಡಿ ಓಪನ್ ಆಗುವುದಿಲ್ಲ.” “ಸರ್, ಬೈಕಂಪಾಡಿ ಪುನಃ ಪಾಸ್‌ವರ್ಡ್ ಕೇಳ್ತಾ ಉಂಟು.” ಹಳೆಯ ಮೊಬೈಲುಗಳು ಆ ಭಾರ ತಾಳದೆ ನಿಂತೇಹೋಗುತ್ತಿದ್ದವು. ಕಾರ್ಖಾನೆಯಲ್ಲಿ ಮೇಜಿನ ಮುಂದೆ ಕುಳಿತು ನೋಡುವವರಿಗೆ ಮಾಡಿದ ಸಾಧನ ಅದು. ಕೈಯಲ್ಲಿ ಚಾಕ್‌ಪೀಸ್ ಹಿಡಿದು ಮೆಟ್ಟಿಲು ಹತ್ತಿ ಇಳಿಯುವವರಿಗೆ ಅಲ್ಲ. ಆದರೂ ಅದರಲ್ಲಿ ಒಂದು ಗುಂಡಿ ಎಲ್ಲರಿಗೂ ಇಷ್ಟವಾಯಿತು. ಒತ್ತಿ ಹಿಡಿದು ಮಾತಾಡಿದರೆ ಸ್ವರವೇ ಹೋಗುತ್ತಿತ್ತು. ನಾಗೇಶ ಮಾಸ್ಟ್ರಿಗಂತೂ ಸ್ವರ್ಗ ಸಿಕ್ಕಿದ ಹಾಗಾಯಿತು. ಟೈಪು ಮಾಡಲು ಅವರಿಗೆ ಬೇಸರ. ಒಂದು ಪೀರಿಯಡ್ ಅದಲುಬದಲು ಮಾಡಬೇಕಾದರೂ ಭಾಷಣದ ಹಾಗೆ ಶುರುಮಾಡಿ, ಹವಾಮಾನ ಹೇಳಿ, ಕೊನೆಗೆ ವಿಷಯಕ್ಕೆ ಬರುತ್ತಿದ್ದರು.

ಗ್ರೇಸಿ ಟೀಚರ್ ಒಂದಕ್ಕೂ ಉತ್ತರ ಕೊಡಲಿಲ್ಲ. ಕಮಿಟಿಯವರೇ ಹೀಗೆ ಮಾಡಿದರೆ ಹೇಗೆ ಎಂದು ನನಗೆ ಸಿಟ್ಟು ಬಂತು. ಜುಲೈಯ ಒಂದು ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ಅವರನ್ನು ಕೇಳಿಯೇಬಿಡುತ್ತೇನೆ ಎಂದು ಮೈದಾನಕ್ಕೆ ಇಳಿದೆ. ಅವರು ಕಂಬಕ್ಕೆ ನೆಟ್ಟು ಬಿಗಿಯುತ್ತಿದ್ದರು, ಬೆನ್ನು ನನ್ನ ಕಡೆಗೆ. ಹುಡುಗಿಯರು ಸುತ್ತ ನಿಂತಿದ್ದರು.

“ಟೀಚರ್, ನನ್ನ ವಾಯ್ಸ್ ಮೆಸೇಜು ಕೇಳಿದ್ರಾ?”

ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಆಗ ತಂಡದ ನಾಯಕಿ ಮುಬೀನಾ ಅವರ ಕಣ್ಣಿಗೆ ಬೀಳುವ ಹಾಗೆ ಕೈ ಆಡಿಸಿ ನನ್ನ ಕಡೆ ತೋರಿಸಿದಳು. ಟೀಚರ್ ತಿರುಗಿ ನೋಡಿ ನಕ್ಕರು.

“ಹೌದು ಹೌದು, ಹರಿದಿದೆ. ಈ ಮಳೆಗಾಲಕ್ಕೆ ಸಾಕು.”

ನೆಟ್ಟಿನ ಬಗ್ಗೆ ಹೇಳಿದ್ದು ಅವರು. ನಾನು ಇನ್ನೊಮ್ಮೆ ಬಾಯಿ ತೆರೆಯುವ ಮೊದಲೇ, ನೆತ್ತಿಯ ಮೇಲೇ ಬಿದ್ದಿತೋ ಎನ್ನುವಂಥ ಒಂದು ಸಿಡಿಲು ಹೊಡೆಯಿತು. ನಾನು ಕುಕ್ಕರಿಸಿಬಿಟ್ಟೆ. ಹುಡುಗಿಯರೆಲ್ಲ ಕಿರುಚಿ ಕಿವಿ ಮುಚ್ಚಿಕೊಂಡರು. ಗ್ರೇಸಿ ಟೀಚರ್ ಅಷ್ಟರಲ್ಲಿ ಮತ್ತೆ ಕಂಬದ ಕಡೆ ತಿರುಗಿದ್ದರು, ಬಾಯಲ್ಲಿ ಹಗ್ಗದ ತುದಿ ಕಚ್ಚಿಕೊಂಡು ಗಂಟು ಹಾಕುತ್ತಿದ್ದರು. ಅವರ ಕೈ ಒಂದಿಷ್ಟೂ ಅಲುಗಲಿಲ್ಲ.

ನಾನು ಹುಡುಗಿಯರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಅವರಿಗೆ ಗೊತ್ತಿತ್ತು. ಮುಬೀನಾ ನನ್ನ ಹತ್ತಿರ ಬಂದು, “ಸರ್, ಯಾರಿಗೂ ಹೇಳ್ಬೇಡಿ ಸರ್,” ಎಂದಳು. ಎರಡು ವರ್ಷದಿಂದ ಆ ಮಕ್ಕಳು ಕೈಸನ್ನೆಯಲ್ಲಿಯೇ ಅವರ ಜೊತೆ ಆಡುತ್ತಿದ್ದರಂತೆ. ಎರಡು ಬೆರಳು ಎತ್ತಿದರೆ ಹಿಂದಿನ ಸಾಲು, ಮುಷ್ಟಿ ಹಿಡಿದರೆ ಮೂಲೆಗೆ ಎಸೆ, ಅಂಗೈ ಬಿಚ್ಚಿದರೆ ನಿಧಾನ. ಮನೆಯಲ್ಲಿ ಕೂಡ ಯಾರೂ ಬಾಯಿ ಬಿಟ್ಟಿರಲಿಲ್ಲ.

ಮಳೆ ಸುರಿಯಲು ಶುರುವಾಯಿತು. ಎಲ್ಲರೂ ಸಾಮಾನಿನ ಕೋಣೆಗೆ ಓಡಿದೆವು. ನಾನು ಮೊಬೈಲು ತೆಗೆದು ಬರೆದು ತೋರಿಸಿದೆ. “ಟೀಚರ್, ನಿಮಗೆ ಕೇಳುವುದಿಲ್ಲವಾ?” ಅವರು ಓದಿದರು. ಮುಖ ಕೆಂಪಾಯಿತು. ಸೀಟಿಯ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಎಡದ ಕಿವಿ ಹೋಗಿ ಆಯ್ತು. ಬಲದ್ದು ಹೋಗ್ತಾ ಉಂಟು. ಎದುರಿಂದ ಬಾಯಿ ನೋಡಿದ್ರೆ ಸ್ವಲ್ಪ ಗೊತ್ತಾಗ್ತದೆ,” ಎಂದರು. ಅವರ ಮಟ್ಟಿಗೆ ಅದು ಪಿಸುಮಾತು, ಆದರೆ ಕೋಣೆಗೆಲ್ಲ ಕೇಳಿತು. “ಕಿವಿಗೆ ಮಿಷನ್ ಹಾಕಿದ್ರೆ ಎಲ್ಲರಿಗೂ ಕಾಣ್ತದೆ. ಕಿವಿ ಕೇಳದ ಪಿ.ಟಿ. ಟೀಚರನ್ನು ಯಾರು ಇಟ್ಕೊಳ್ತಾರೆ ಹೇಳಿ? ನೀವು ಯಾರಿಗೂ ಹೇಳ್ಬೇಡಿ ಮಾರಾಯ್ರೆ. ನಿಮಗೆ ಪುಣ್ಯ ಬರ್ತದೆ.”

ಹೇಳುವುದಿಲ್ಲ ಎಂದು ತಲೆ ಆಡಿಸಿದೆ. ಆ ದಿನದಿಂದ ಆ್ಯಪು ಹುಡುಕುವ ಕೆಲಸವೇ ನನಗೆ ಬೇರೆಯಾಯಿತು. ಅಲ್ಲಿಯವರೆಗೆ ಯಾವುದರಲ್ಲಿ ಏನೇನು ಸೌಕರ್ಯ ಉಂಟು ಎಂದು ನೋಡುತ್ತಿದ್ದೆ. ಈಗ ಗ್ರೇಸಿ ಟೀಚರ್ ಒಂದು ಮಾತನ್ನೂ ಕಳೆದುಕೊಳ್ಳದ ಹಾಗೆ ಯಾವುದು ಮಾಡುತ್ತದೆ ಎಂದು ನೋಡತೊಡಗಿದೆ. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಹಂಪನಕಟ್ಟೆಯಲ್ಲಿ ಮಳೆಗೆ ಅಂಗಡಿಯ ಮಾಡಿನಡಿ ನಿಂತಾಗ, ಎಲ್ಲ ಹೊತ್ತಿನಲ್ಲೂ ಅದನ್ನೇ ಹುಡುಕಿದೆ. ಕಡೆಗೆ ಒಂದು ಸಿಕ್ಕಿತು. ನೀಲಿ ಬಣ್ಣದ ಐಕಾನು, ಹಗುರ, ಹಳೆಯ ಮೊಬೈಲಿನಲ್ಲೂ ಓಡುತ್ತದೆ, ಎಲ್ಲ ಕನ್ನಡದಲ್ಲೇ ಉಂಟು. ಬೇಕಾದಷ್ಟು ಕೋಣೆ ಮಾಡಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಯಾರಾದರೂ ಮಾತಾಡಿ ಕಳಿಸಿದರೆ ಅದನ್ನು ತಾನೇ ಕನ್ನಡ ಅಕ್ಷರಕ್ಕೆ ಇಳಿಸಿ ತೋರಿಸುತ್ತದೆ!

ಕಮಿಟಿಯಲ್ಲಿ ನಾನು, “ಇನ್ನು ಮೇಲೆ ಬರೀ ಸ್ವರ ಕಳಿಸುವುದು ಬೇಡ. ಅಕ್ಷರ ಇರ್ಲೇಬೇಕು,” ಎಂದಾಗ ನಾಗೇಶ ಮಾಸ್ಟ್ರಿಗೆ ಬೇಸರವಾಯಿತು.

“ಯಾಕೆ ಪ್ರಶಾಂತ, ನನ್ನ ಸ್ವರ ಅಷ್ಟು ಹಾಳಾಗಿ ಉಂಟಾ?”

“ಹಾಗಲ್ಲ ಮಾಸ್ಟ್ರೇ. ಕ್ಲಾಸಿನಲ್ಲಿದ್ದಾಗ ಸ್ವರ ಹಾಕಿ ಕೇಳ್ಲಿಕ್ಕೆ ಆಗುವುದಿಲ್ಲ. ಓದ್ಲಿಕ್ಕೆ ಆಗ್ತದೆ.” ಅದೂ ಸತ್ಯವೇ ಆಗಿತ್ತು, ಆದ್ದರಿಂದ ಹೇಳಲು ಕಷ್ಟವಾಗಲಿಲ್ಲ.

ಆಗಸ್ಟಿನಲ್ಲಿ ನೀಲಿ ಆ್ಯಪು ಶುರುವಾಯಿತು. ಪರೀಕ್ಷೆಗೆ ಒಂದು ಕೋಣೆ, ರಜೆ ಹಾಕಿದವರ ಪೀರಿಯಡ್ ಹಂಚಲು ಒಂದು, ಆಟೋಟಕ್ಕೆ ಒಂದು, ಹೂವಿಗೂ ಕೇಕಿಗೂ “ಜಗಲಿ” ಎಂಬ ಒಂದು. ಮಕ್ಕಳ ಮನೆಯ ವಿಷಯ ಯಾವ ಕೋಣೆಯಲ್ಲೂ ಬರೆಯಬಾರದು, ಅದು ಮುಖತಃ ಮಾತ್ರ ಎಂದು ವಸಂತಿ ಮೇಡಂ ಹೇಳಿದರು. ಸಂಜೆ ಏಳರ ಮೇಲೆ ಶಾಲೆಯ ಮಾತು ಬರಬಾರದು ಎಂದು ಪ್ರೈಮರಿಯ ಟೀಚರುಗಳು ಹಟ ಹಿಡಿದರು. “ನಮಗೂ ಮನೆ ಉಂಟಲ್ಲ ಮೇಡಂ, ದೋಸೆಗೆ ಅರೆಯುವಾಗ ಸುತ್ತೋಲೆ ಓದುವುದಾ?” ಎಂದರು. ಮೇಡಂ ಅದಕ್ಕೂ ಒಪ್ಪಿದರು.

ಎರಡನೆಯ ದಿನವೇ ನಗೆಹಬ್ಬ. ನಾಗೇಶ ಮಾಸ್ಟ್ರು ಎಂದಿನ ಗತ್ತಿನಲ್ಲಿ ಮಾತಾಡಿ ಕಳಿಸಿದರು, “ನಾಳೆ ಎರಡನೇ ಪೀರಿಯಡ್ ಒಂಬತ್ತನೇ ತರಗತಿಗೆ ಸಂಧಿ ಪಾಠ ಉಂಟು, ಯಾರೂ ಮಕ್ಕಳನ್ನು ಹೊರಗೆ ಕರೆಯಬಾರದು.” ಆ್ಯಪು ಅದನ್ನು ಅಕ್ಷರಕ್ಕೆ ಇಳಿಸಿದ್ದು ಹೀಗೆ: “ಒಂಬತ್ತನೇ ತರಗತಿಗೆ ಹಂದಿ ಪಾಠ ಉಂಟು.”

ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೇ ಬಾಯಿಗೆ ಕೈ ಅಡ್ಡ ಹಿಡಿದರು. ಅಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಮೂಡಿತು. ಗ್ರೇಸಿ ಟೀಚರ್ ಬರೆದಿದ್ದರು: “ಹಂದಿ ಪಾಠವಾದರೆ ನನಗೆ ಬಿಡಿ ಮಾಸ್ಟ್ರೇ. ಕ್ರಿಸ್‌ಮಸ್ಸಿಗೆ ನಮ್ಮ ಮನೆಯಲ್ಲಿ ಪ್ರಾಕ್ಟಿಕಲ್ ಸಹ ಉಂಟು.”

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ನಾಗೇಶ ಮಾಸ್ಟ್ರು ಕಣ್ಣೊರೆಸಿಕೊಂಡು ನಕ್ಕರು. ಮೂಲೆಯ ಮೇಜಿನಲ್ಲಿ ಗ್ರೇಸಿ ಟೀಚರ್ ಎಲ್ಲರ ಮುಖಗಳನ್ನು ಒಂದೊಂದಾಗಿ ನೋಡುತ್ತಾ, ತಾವೂ ಭುಜ ಕುಲುಕಿಸಿ ನಗುತ್ತಿದ್ದರು. ಅವರು ಹೀಗೆ ತಮಾಷೆ ಮಾಡಬಲ್ಲರು ಎಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲಂತೂ ಜಗಲಿಯಲ್ಲಿ ಅವರದ್ದೇ ಕಾರುಬಾರು. ಯಾರ ಮೆಸೇಜಿಗೂ ಮೊದಲ ಉತ್ತರ ಅವರದ್ದು. “ಈ ಗ್ರೇಸಿಗೆ ಎಂತಾಯ್ತು? ಇಷ್ಟು ದಿನ ಎಲ್ಲಿದ್ರು ಇವರು?” ಎಂದು ಮೇಡಂ ನನ್ನ ಬಳಿ ಅಚ್ಚರಿಪಟ್ಟರು. ನಾನು ನಕ್ಕೆ.

ಆ ವರ್ಷದ ತಾಲೂಕು ಮಟ್ಟದ ಥ್ರೋಬಾಲ್ ಮಳೆಯಿಂದಾಗಿ ಮುಂದೆ ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಆಗಸ್ಟ್ ಕೊನೆಯ ಒಂದು ದಿನ ನಿಶ್ಚಯವಾಯಿತು. ಆ ದಿನ ಬೆಳಗ್ಗೆ ನಾವು ಶಾಲೆಯ ಗೇಟಿನಲ್ಲಿ ಟೆಂಪೋ ಟ್ರಾವೆಲರ್ ಹತ್ತುವ ಹೊತ್ತಿಗೆ, ಆಡಬೇಕಾಗಿದ್ದ ಮೈದಾನದಲ್ಲಿ ನೀರು ನಿಂತಿದೆ, ಪಂದ್ಯ ಬೇರೆ ಕಡೆಯ ಒಂದು ಸಭಾಂಗಣಕ್ಕೆ ಬದಲಾಗಿದೆ ಎಂದು ಮೇಡಮಿಗೆ ಫೋನು ಬಂತು. ಅವರು ಆಟೋಟದ ಕೋಣೆಗೆ ಒಂದು ಸಾಲು ಹಾಕಿದರು. ನಾನು ಇನ್ನೂ ಓದುತ್ತಿದ್ದೆ, ಗ್ರೇಸಿ ಟೀಚರ್ ಆಗಲೇ “ಓದಿದೆ, ಹೊರಟೆವು” ಎಂದು ಹಾಕಿ ಡ್ರೈವರನಿಗೆ ದಾರಿ ತೋರಿಸುತ್ತಿದ್ದರು. ಹಿಂದಿನ ವರ್ಷದ ಖಾಲಿ ಮೈದಾನ ನೆನಪಾಗಿರಬೇಕು, ಸೀಟಿನಲ್ಲಿ ಕುಳಿತು ಎದೆಗೆ ಶಿಲುಬೆಯ ಗುರುತು ಹಾಕಿಕೊಂಡರು.

ಅದು ತಗಡಿನ ಮಾಡಿನ ದೊಡ್ಡ ಸಭಾಂಗಣ. ನಾವು ಫೈನಲ್ಲಿಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನಮ್ಮ ಎದುರಿನದು ಹಿಂದಿನ ಸಲ ಗೆದ್ದ ತಂಡ. ಎತ್ತರದ ಹುಡುಗಿಯರು, ಬದಿಯಲ್ಲಿ ನಿಂತು ಒಂದೊಂದು ಚೆಂಡಿಗೂ ಕೂಗಿ ಹೇಳಿಕೊಡುವ ಕೋಚು. ಮೊದಲ ಸೆಟ್ಟು ನೋಡನೋಡುತ್ತಾ ಹೋಯಿತು. ನಾನು ಬದಿಯಲ್ಲಿ ಕುಳಿತು ಆಟೋಟದ ಕೋಣೆಯಲ್ಲಿ ಬರೆಯುತ್ತಿದ್ದೆ. “ಮೊದಲ ಸೆಟ್ ಸೋತೆವು.” ಶಾಲೆಯಿಂದ ಮೇಡಂ ಬರೆದರು, “ನಾನು ಕ್ಲಾಸಿನಲ್ಲಿದ್ದೇನೆ. ಆದರೂ ಬಿಡದೆ ಬರೆಯಿರಿ.” ಪಾಠದ ಹೊತ್ತಿನಲ್ಲಿ ಮೊಬೈಲು ಮುಟ್ಟಬಾರದು ಎಂದು ನಿಯಮ ಮಾಡಿದವರು ಅವರೇ!

ಎರಡನೆಯ ಸೆಟ್ಟು ಶುರುವಾಗುತ್ತಲೇ ಮಳೆ ಇಳಿಯಿತು. ಮಂಗಳೂರಿನ ಮಳೆಯೇ, ಆದರೆ ಅಂಥ ಮಳೆ ನಾನೂ ಕಂಡಿರಲಿಲ್ಲ. ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಪಕ್ಕದಲ್ಲಿದ್ದವರು ಬಾಯಿ ಆಡಿಸುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಎದುರು ತಂಡದ ಕೋಚು ಕುತ್ತಿಗೆಯ ನರ ಉಬ್ಬಿಸಿ ಕೂಗುತ್ತಿದ್ದರು, ಅವರ ಹುಡುಗಿಯರು ತಿರುಗಿ ತಿರುಗಿ ನೋಡಿ ಗಲಿಬಿಲಿಯಾಗಿ ಚೆಂಡು ಬಿಟ್ಟರು. ನಾನು ಗ್ರೇಸಿ ಟೀಚರನ್ನು ನೋಡಿದೆ. ಅವರು ಗೆರೆಯ ಹೊರಗೆ ಕಾಲು ಅಗಲಿಸಿ ನಿಂತಿದ್ದರು. ಎರಡು ಬೆರಳು. ಮುಬೀನಾ ಹಿಂದಿನ ಸಾಲಿಗೆ ಎಸೆದಳು, ಪಾಯಿಂಟು. ಮುಷ್ಟಿ. ಮೂಲೆಗೆ ಬಿತ್ತು, ಪಾಯಿಂಟು. ಅಂಗೈ. ಹುಡುಗಿಯರು ಉಸಿರು ಬಿಟ್ಟು ನಿಧಾನವಾದರು. ನಮ್ಮ ತಂಡಕ್ಕೆ ಮಳೆ ಬಂದದ್ದೇ ಗೊತ್ತಿಲ್ಲದ ಹಾಗಿತ್ತು.

“ಎರಡನೇ ಸೆಟ್ ನಮ್ಮದು!!!” ಎಂದು ಬರೆದೆ. ಹೆಬ್ಬೆರಳು, ಚಪ್ಪಾಳೆ, ಹೂವು ಎಲ್ಲ ಸಾಲುಸಾಲಾಗಿ ಬಂದವು. ವಿಜ್ಞಾನದ ಟೀಚರ್ ಬರೆದರು, “ಸ್ಕೋರ್ ಹೇಳಿ, ಮಕ್ಕಳು ಕೇಳುತ್ತಿದ್ದಾರೆ.” ಕೊನೆಯ ಸೆಟ್ಟಿನಲ್ಲಿ ಎರಡೂ ತಂಡ ಸಮಸಮ ಬಂದವು. ನಾನು ಒಂದೊಂದು ಪಾಯಿಂಟಿಗೂ ಒಂದೊಂದು ಸಾಲು ಬರೆದೆ. ನಮಗೆ ಒಂದು ಪಾಯಿಂಟು ಬೇಕು. ಚೆಂಡು ಅತ್ತ ಹೋಯಿತು, ಇತ್ತ ಬಂತು, ಮತ್ತೆ ಹೋಯಿತು, ಬಂತು. ಗ್ರೇಸಿ ಟೀಚರ್ ಮುಷ್ಟಿ ಹಿಡಿದು ಕೈಯನ್ನು ಪೂರ್ತಿ ಮೇಲೆತ್ತಿದರು. ಮುಬೀನಾ ಹಾರಿ ಎಸೆದಳು. ಮೂಲೆಯ ಗೆರೆಯ ಒಳಗೆ ಚೆಂಡು ನೆಲ ಮುಟ್ಟಿತು.

ಸೀಟಿ ಕೇಳಲಿಲ್ಲ. ರೆಫರಿ ಎತ್ತಿದ ಕೈ ಕಂಡಿತು. ನಾನು ಬರೆದದ್ದು ಒಂದೇ ಪದ, “ಗೆದ್ದೆವು”. ಅದರಲ್ಲೂ ಒತ್ತಕ್ಷರ ತಪ್ಪಿತ್ತು. ಶಾಲೆಯಲ್ಲಿ ಆ ಹೊತ್ತಿಗೆ ಏನಾಯಿತೆಂದು ಆಮೇಲೆ ತಿಳಿಯಿತು. ಮೇಡಂ ಕ್ಲಾಸಿನಲ್ಲಿಯೇ “ಓ ದೇವಾ!” ಎಂದು ಕೂಗಿದರಂತೆ. ಮೇಲಿನ ಕಟ್ಟಡದ ಕೂಗಿಗೆ ಕೆಳಗಿನ ಕಟ್ಟಡ ಓಗೊಟ್ಟಿತಂತೆ. ಪಾಠ ಅಲ್ಲಿಗೇ ಮುಗಿಯಿತಂತೆ.

ಆದರೆ ಮರುದಿನ ಇನ್ನೊಂದು ಕಷ್ಟ. ಸಂಚಾಲಕರು ಅಭಿನಂದಿಸಲೆಂದು ಗ್ರೇಸಿ ಟೀಚರಿಗೆ ಮತ್ತೆ ಮತ್ತೆ ಫೋನು ಮಾಡಿದ್ದಾರೆ, ಇವರು ಎತ್ತಿಲ್ಲ. “ಗೆದ್ದ ಕೂಡ್ಲೇ ಇಷ್ಟು ಸೊಕ್ಕಾ?” ಎಂದು ಅವರು ಮೇಡಂ ಹತ್ತಿರ ಹೇಳಿದ ಮಾತು ಊಟದ ಹೊತ್ತಿಗೆ ಸ್ಟಾಫ್ ರೂಮಿಗೆ ಬಂತು. ಗ್ರೇಸಿ ಟೀಚರ್ ಎಲ್ಲರ ಮುಖ ಬಾಡಿದ್ದನ್ನು ನೋಡಿ ನನ್ನನ್ನು ಕೇಳಿದರು. ನಾನು ಬರೆದು ತೋರಿಸಿದೆ. ಅವರು ಬುತ್ತಿಯ ಮುಚ್ಚಳ ಮುಚ್ಚಿಟ್ಟು ಮೊಬೈಲು ಕೈಗೆತ್ತಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಎಲ್ಲರ ಮೊಬೈಲೂ ಒಟ್ಟಿಗೇ ಟಿಂಗ್ ಎಂದಿತು.

“ಎಲ್ಲರಿಗೂ ಹೇಳ್ತೇನೆ. ನನಗೆ ಒಂದು ಕಿವಿ ಕೇಳುವುದೇ ಇಲ್ಲ, ಇನ್ನೊಂದು ಅರ್ಧ. ವರ್ಷಗಳಾಯ್ತು. ಕರೆದಾಗ ನಾನು ತಿರುಗದೆ ಹೋದದ್ದು ಸೊಕ್ಕಿನಿಂದ ಅಲ್ಲ. ಫೋನ್ ಎತ್ತದೆ ಇದ್ದದ್ದೂ ಹಾಗಲ್ಲ. ಈ ಒಂದು ತಿಂಗಳಲ್ಲಿ ನಿಮ್ಮ ಜೊತೆ ಮಾತಾಡಿದಷ್ಟು ನಾನು ಯಾವತ್ತೂ ಮಾತಾಡಿರಲಿಲ್ಲ. ಇನ್ನು ಮುಚ್ಚಿಡ್ಲಿಕ್ಕೆ ಮನಸ್ಸಿಲ್ಲ.”

ಓದಿದವರು ತಲೆ ಎತ್ತಲಿಲ್ಲ. ಆಗ ನಾಗೇಶ ಮಾಸ್ಟ್ರು ಎದ್ದರು. ಗ್ರೇಸಿ ಟೀಚರ ಮೇಜಿನ ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿ, ಎದುರಿನ ಕುರ್ಚಿಯಲ್ಲಿ ಕುಳಿತರು. ಕನ್ನಡಕ ಏರಿಸಿ, ಒಂದೇ ಬೆರಳಿನಲ್ಲಿ ಟೈಪು ಮಾಡತೊಡಗಿದರು. ಎಷ್ಟೋ ಹೊತ್ತು ಹಿಡಿಯಿತು. ಗ್ರೇಸಿ ಟೀಚರ ಮೊಬೈಲು ಬೆಳಗಿತು. ನಮ್ಮದೂ.

“ಟೀಚರ್, ಈ ಶಾಲೆಯಲ್ಲಿ ನನ್ನ ಸ್ವರದಿಂದ ಬಚಾವಾದವರು ನೀವೊಬ್ಬರೇ. ನಿಮ್ಮ ಪುಣ್ಯ.”

ಗ್ರೇಸಿ ಟೀಚರ್ ಓದಿದರು. ನಗಲು ಹೊರಟವರು ಅತ್ತುಬಿಟ್ಟರು. ಪ್ರೈಮರಿಯ ಟೀಚರುಗಳು ಎದ್ದು ಹೋಗಿ ಅವರನ್ನು ಅಪ್ಪಿಕೊಂಡರು. “ದೇವ್ ಬರೆಂ ಕರುಂ, ದೇವ್ ಬರೆಂ ಕರುಂ,” ಎಂದು ಗ್ರೇಸಿ ಟೀಚರ್ ತಮ್ಮ ಕೊಂಕಣಿಯಲ್ಲಿ ಎಲ್ಲರಿಗೂ ಒಳ್ಳೆಯದನ್ನು ಹರಸುತ್ತಲೇ ಇದ್ದರು.

ಸಂಚಾಲಕರು ಆ ವಾರವೇ ಶಾಲೆಗೆ ಬಂದರು. ಮೇಡಮಿನ ಕೋಣೆಯಲ್ಲಿ ಕಮಿಟಿಯ ಮೂವರನ್ನೂ ಕೂರಿಸಿಕೊಂಡರು. ಕೆಟ್ಟವರಲ್ಲ, ಆದರೆ ಕೇಳಬೇಕಾದ್ದನ್ನು ಕೇಳುವವರು. ಗ್ರೇಸಿ ಟೀಚರಿಗೆ ತಮ್ಮ ಬಾಯಿ ಕಾಣುವ ಹಾಗೆ ಎದುರು ಕುಳಿತು ಕೇಳಿದರು, “ಟೀಚರ್, ನೀವು ಗೆಲ್ಲಿಸಿದ್ರಿ, ಸಂತೋಷ. ಆದ್ರೆ ನಾಳೆ ಗ್ರೌಂಡಿನಲ್ಲಿ ಒಂದು ಮಗು ಬಿದ್ದು ಕೂಗಿದ್ರೆ ನಿಮಗೆ ಹೇಗೆ ಗೊತ್ತಾಗ್ತದೆ?”

ಗ್ರೇಸಿ ಟೀಚರ್ ನೇರವಾಗಿ ಕುಳಿತರು.

“ಸರ್, ಕೇಳುವುದಿಲ್ಲ ಅಂತ ಗೊತ್ತಾದ ಮೇಲೆ ನಾನು ಮಕ್ಕಳ ಮೇಲಿಂದ ಕಣ್ಣು ತೆಗ್ದದ್ದಿಲ್ಲ. ಇಷ್ಟು ವರ್ಷದಲ್ಲಿ ಬಿದ್ದ ಮಗುವನ್ನು ಬೇರೆಯವರು ಬಂದು ಎತ್ತಿದ್ದು ಉಂಟಾ ಅಂತ ಯಾರನ್ನು ಬೇಕಾದ್ರೂ ಕೇಳಿ. ಆದ್ರೂ ನೀವು ಕೇಳಿದ್ದು ಸರಿ. ಮಿಷನ್ ಹಾಕಿಸಿಕೊಳ್ತೇನೆ.”

“ಇನ್ನೊಬ್ಬರು ಟೀಚರ್ ಸಹ ಆಟದ ಪೀರಿಯಡಿನಲ್ಲಿ ಗ್ರೌಂಡಿನಲ್ಲಿ ಇರ್ತಾರೆ ಸರ್,” ಎಂದರು ಮೇಡಂ. “ನಾವು ಸರದಿ ಹಾಕಿಕೊಂಡು ಆಯ್ತು. ಮೀಟಿಂಗಿನಲ್ಲಿ ಆದ ನಿರ್ಧಾರ ಎಲ್ಲ ಆ ದಿನವೇ ಆ್ಯಪಿನಲ್ಲಿ ಬರ್ತದೆ. ಬಾಯಿ ಮಾತಿನಲ್ಲಿ ಯಾವುದೂ ಇಲ್ಲ ಇನ್ನು.”

ಸಂಚಾಲಕರು ತಲೆದೂಗಿದರು. ಆಮೇಲೆ, “ಆಯ್ತು, ಮುಂದುವರಿಸಿ. ಈ ಆ್ಯಪು ಚಂದ ಉಂಟಲ್ಲ, ನನ್ನನ್ನೂ ಅದಕ್ಕೆ ಸೇರಿಸಿ,” ಎಂದರು.

ನಾನು ಮೊಬೈಲಿಗೆ ಕೈ ಹಾಕಿದೆ. ಮೇಡಂ ಕಣ್ಣಿನಲ್ಲೇ ತಡೆದರು. “ಅದು ಟೀಚರುಗಳದ್ದು ಸರ್. ನೀವು ಬಂದ್ರೆ ಯಾರೂ ಬಾಯಿ ಬಿಡುವುದಿಲ್ಲ. ನಿಮಗೆ ಬೇಕಾದ್ದನ್ನು ನಾನು ಹೇಳ್ತೇನೆ.” ಸಂಚಾಲಕರು ಗಟ್ಟಿಯಾಗಿ ನಕ್ಕು ಎದ್ದರು. ನೀಲಿ ಆ್ಯಪು ನಿಶ್ಚಯವಾದದ್ದು ಹಾಗೆ. ಮರುದಿನ ಹಳೆಯ ಗ್ರೂಪಿನಿಂದ ನಾವೆಲ್ಲರೂ ಹೊರಬಂದೆವು.

ಸೆಪ್ಟೆಂಬರಿನ ಕೊನೆಗೆ ಜಿಲ್ಲಾ ಮಟ್ಟದ ಪಂದ್ಯ ಪುತ್ತೂರಿನಲ್ಲಿ. ಆ ದಿನ ಒಂದು ಹನಿ ಮಳೆಯೂ ಇರಲಿಲ್ಲ, ಎಲ್ಲ ಕೋಚುಗಳ ಕೂಗೂ ಚೆನ್ನಾಗಿ ಕೇಳುತ್ತಿತ್ತು. ನಮ್ಮವರು ಚೆನ್ನಾಗಿಯೇ ಆಡಿದರು, ಸೆಮಿಫೈನಲ್ಲಿನಲ್ಲಿ ಸೋತರು. ಹುಡುಗಿಯರು ಟೆಂಪೋ ಟ್ರಾವೆಲರಿನಲ್ಲಿ ಮುಖ ಊದಿಸಿಕೊಂಡು ಕುಳಿತರು. ಗ್ರೇಸಿ ಟೀಚರ್ ಹಿಂದಿನ ವಾರವಷ್ಟೇ ಬಲದ ಕಿವಿಗೆ ಮಿಷನ್ ಹಾಕಿಸಿಕೊಂಡಿದ್ದರು. ಅದು ಎಲ್ಲರಿಗೂ ಕಾಣಲಿ ಎಂಬ ಹಾಗೆ ಕೂದಲನ್ನು ಹಿಂದಕ್ಕೆ ಬಾಚಿ ಕ್ಲಿಪ್ಪು ಹಾಕಿದ್ದರು.

ವಾಪಸು ಬರುವ ದಾರಿಯಲ್ಲಿ ಕಲ್ಲಡ್ಕದಲ್ಲಿ ಚಹಾ ಕುಡಿದು, ಬನ್ಸ್ ತಿಂದು ಹತ್ತಿದ ಮೇಲೆ ಹಿಂದಿನ ಸೀಟಿನಿಂದ ಮುಬೀನಾ ಮೆಲ್ಲಗೆ ಒಂದು ಹಾಡು ಎತ್ತಿದಳು. ಇನ್ನೊಬ್ಬಳು ಸೇರಿದಳು. ಬಿ.ಸಿ. ರೋಡಿನ ಹೊತ್ತಿಗೆ ಎಲ್ಲರೂ ಸೀಟು ಬಡಿಯುತ್ತಾ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರು. ಎರಡು ವರ್ಷದಿಂದ ಟೀಚರ್ ಜೊತೆ ಪ್ರಯಾಣ ಮಾಡುವಾಗಲೆಲ್ಲ ಅವರು ಹಾಗೆಯೇ ಹಾಡಿದ್ದು, ಎಷ್ಟು ಗಟ್ಟಿಯಾಗಿ ಬೇಕಾದರೂ.

ಮುಂದಿನ ಸೀಟಿನಲ್ಲಿದ್ದ ಗ್ರೇಸಿ ಟೀಚರ್ ಥಟ್ಟನೆ ಹಿಂದಕ್ಕೆ ತಿರುಗಿದರು. ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು, ಕಣ್ಣರಳಿಸಿ, ಮುಖದ ತುಂಬ ನಗುತ್ತಾ ಕೂಗಿದರು:

“ಸ್ವಲ್ಪ ಮೆಲ್ಲ ಹಾಡಿ ಮಾರಾಯ್ತಿಗಳೇ, ನನಗೆ ಕೇಳ್ತದೆ!”